ಮೂರನೇ ಕಾಲಂ

ಮಾರ್ಚಿ ಬಂತೆಂದರೆ ಭೋಸರಿಯ ನಮ್ಮ ಕಾರ್ಖಾನೆಯಲ್ಲಿ
ಗಟ್ಟಿಮುಟ್ಟಾದವರಿಗೂ ಕಾಯಿಲೆ.
ವರ್ಷಕ್ಕೆ ಹದಿನೈದು ಸಾವಿರ, ಬಿಲ್ಲು ತಂದರೆ ತೆರಿಗೆಯಿಲ್ಲ,
ಆಗಿನ ಕಾಯಿದೆ ಹಾಗಿತ್ತು.
ಭಾವಮೈದುನನ ಕನ್ನಡಕ,
ಔಷಧದಂಗಡಿಯವ ಹಿಂದಿನ ತಾರೀಖು ಹಾಕಿ ಹರಿದುಕೊಟ್ಟ ಚೀಟಿ,
ಒಂದೇ ಕೈಬರಹದ ಹನ್ನೆರಡು ಜ್ವರ,
ಎಲ್ಲ ಬಿರಾದಾರ ಮ್ಯಾಡಮ್ಮಿನ ಮೇಜಿಗೆ.
ಅಂದರೆ ನನಗೆ.
ಬಾಯಲ್ಲಿ ಮರಾಠಿ, ಒಳಗೊಳಗೇ ಸಿಂದಗಿಯ ಸಾಲಿಯ ಮಗ್ಗಿ:
ಎರಡೆರಡ್ಲೆ ನಾಕು, ಎರಡ್ಮೂರ್ಲೆ ಆರು.

ಜಾಲಿಂದರ ಖುಟವಡನ ಅರ್ಜಿಗೆ ಪಿನ್ನು ಚುಚ್ಚಿ ಬಂದದ್ದು
ರವಿವಾರ ಪೇಠೆಯ ಗಿಡಮೂಲಿಕೆ ಅಂಗಡಿಯ ತುಂಡು ಕಾಗದ.
ಹೊಂಗೆ ಎಣ್ಣೆ, ಬೇವಿನ ತೊಗಟೆ, ಮಂಜಿಷ್ಠ.
ನೂರಾ ಎಂಬತ್ತು.
ಕೆಳಗೊಂದು ಎಣ್ಣೆಯ ಹೆಬ್ಬೆಟ್ಟು,
ಸಹಿಯಲ್ಲ, ಪೊಟ್ಟಣ ಕಟ್ಟುವಾಗ ತಾಗಿದ್ದು.
ವೈದ್ಯರ ನೋಂದಣಿ ಸಂಖ್ಯೆ ಇಲ್ಲ. ಅಂಗಡಿಗೆ ಹೆಸರೂ ಇಲ್ಲ.
ಕೆಂಪು ಶಾಯಿಯಲ್ಲಿ ಬರೆದೆ: ನಾಮಂಜೂರು.

ಊಟದ ಸುಟ್ಟಿಯಲ್ಲಿ ಬಂದ. ಜಗಳಾಡಲಿಲ್ಲ.
ಎರಡೂ ಕೈ ನನ್ನ ಲೆಡ್ಜರಿನ ಮೇಲಿಟ್ಟ,
ಹಂಚಿನ ಮೇಲೆ ರೊಟ್ಟಿ ಹಾಕಿದ ಹಾಗೆ.
ಹತ್ತೊಂಬತ್ತು ವರ್ಷ ಲೇಥಿನ ಕೂಲೆಂಟಿನಲ್ಲಿ ನೆನೆದವು;
ಗೆಣ್ಣುಗೆಣ್ಣಿಗೂ ಬಿರುಕು, ಬಿರುಕಿನೊಳಗೆ ಕಬ್ಬಿಣದ ಕಪ್ಪು.
"ದವಾಖಾನಿ ಮುಲಾಮಿಗೆ ಎಂಟು ದಿನ ತಡೀತದ, ಮತ್ತ ಒಡೀತದ.
ಇದು ಹಚ್ಚಿದ ರಾತ್ರಿ ನಿದ್ದಿ ಬರ್ತದ, ಮ್ಯಾಡಮ್."
ನಾನು ಅರ್ಜಿ ನೋಡಿದೆ, ಕೈ ನೋಡಲಾರದೆ.
ಮೂರನೇ ಕಾಲಂ: ರೋಗದ ಹೆಸರು.
ಅಲ್ಲಿ ಅವನು ಬರೆದಿದ್ದ: ಹಾತ್.
ಕೈ. ಅಷ್ಟೆ.

ತುಂಬುತೋಳಿನ ರವಿಕೆಯ ಅಂಚನ್ನು ಮಣಿಕಟ್ಟಿನ ಕೆಳಗೆ ಎಳಕೊಂಡೆ.
ಮೇ ತಿಂಗಳ ಝಳದಲ್ಲೂ ಎಳಕೊಳ್ಳುತ್ತೇನೆ.
ಆ ಅಂಗಡಿ ನನಗೆ ಗೊತ್ತು.
ಗಿರಾಕಿಯ ಮುಖ ಬಿಟ್ಟು ಚರ್ಮವನ್ನಷ್ಟೇ ನೋಡುವ
ಶೇವಂತಾಬಾಯಿ ಗೊತ್ತು.
ಆರು ವರ್ಷದಿಂದ ಅವಳ ಬಾವಂಚಿ ಎಣ್ಣೆ ಹಚ್ಚಿ
ದಾಪೋಡಿಯ ಗ್ಯಾಲರಿಯಲ್ಲಿ, ಒಣಗಹಾಕಿದ ಬಟ್ಟೆಗಳ ಮರೆಗೆ,
ಎಂಟರ ಬಿಸಿಲಿಗೆ ಕೈಯೊಡ್ಡಿ ಕೂರುತ್ತೇನೆ,
ಲೋಣಾವಳದ ಲೋಕಲ್ ಹೋಗುವ ತನಕ.
ಬಿಲ್ಲು ಕೇಳಿಲ್ಲ ಒಮ್ಮೆಯೂ.
ಕೇಳಿದರೆ ಆ ಕಾಲಮ್ಮಿಗೆ ಏನು ಬರೆಯಲಿ?
ಬೋಕೀಲ ಸಾಹೇಬರು ಓದುತ್ತಾರೆ, ಚಹಾ ತರುವ ಹುಡುಗ ಓದುತ್ತಾನೆ,
ಫೋನಿನಲ್ಲಿ ಅವ್ವ ಇನ್ನೂ "ಅದು ಹ್ಯಾಂಗದ?" ಎಂದೇ ಕೇಳುತ್ತಾಳೆ.

ಆ ಸಂಜೆ ಕ್ಯಾಲ್ಕುಲೇಟರು ಬದಿಗಿಟ್ಟು ಕೂಡಿಸಿದೆ.
ಎಣ್ಣೆಗೆ ವರ್ಷಕ್ಕೆ ಮೂರು ಸಾವಿರ,
ಅದರ ಮೇಲೆ ನಾನು ಕಟ್ಟಿದ್ದು, ಸೆಸ್ಸೂ ಸೇರಿ, ಮುನ್ನೂರ ಒಂಬತ್ತು.
ಒಂಬತ್ತಾರ್ಲೆ ಐವತ್ನಾಕು, ಮೂರಾರ್ಲೆ ಹದಿನೆಂಟು.
ಒಂದು ಸಾವಿರದ ಎಂಟುನೂರ ಐವತ್ನಾಕು ರೂಪಾಯಿ
ತೋಳು ಮುಚ್ಚಿಕೊಂಡದ್ದಕ್ಕೆ ಸರಕಾರಕ್ಕೆ ಸಂದಿದೆ.

ಖುಟವಡನ ಚೀಟಿಯನ್ನು ಹಾಗೇ ಪಾಸು ಮಾಡಲಿಲ್ಲ.
ಆಯುರ್ವೇದದ ಡಾಕ್ಟರೊಬ್ಬರು ಗುರುವಾರ ಪಿಂಪರಿಯಲ್ಲಿ ಕೂರುತ್ತಾರೆ,
ಸಹಿ, ಸಿಕ್ಕಾ ಹಾಕಿಸಿ ತಾ ಎಂದೆ.
ತಂದ. ಹಾಕಿದೆ.
ಭಾನುವಾರ ನಾನೂ ಪೇಠೆಗೆ ಹೋಗಿ ಬಿಲ್ಲು ಕೇಳಿದೆ.
ಶೇವಂತಾಬಾಯಿ ಪೆನ್ನು ಹುಡುಕಿದಳು, ಡಬ್ಬಿಗಳ ಹಿಂದೆ,
ಮೊಮ್ಮಗನ ಪಾಟೀಚೀಲದಲ್ಲಿ;
ಕ್ಯಾಲೆಂಡರಿನ ಹಾಳೆ ಹರಿದು ಬೆನ್ನಿಗೆ ಬರೆದಳು,
ಅರ್ಧ ಮೋಡಿ, ಅರ್ಧ ಹುಳಿಹುಣಿಸೆ.
ಗುರುವಾರ ನಾನು ಪಿಂಪರಿಗೆ ಹೋಗಲಿಲ್ಲ. ಮುಂದಿನ ಗುರುವಾರವೂ.

ಆಮೇಲೆ ಆ ಕಾಯಿದೆಯೇ ಹೋಯಿತು.
ಈಗ ಎಲ್ಲರಿಗೂ ಒಂದೇ ಕಡಿತ, ಬಿಲ್ಲು ಬೇಡ, ರೋಗ ಬೇಡ.
ಮಾರ್ಚಿಯಲ್ಲಿ ನನ್ನ ಮೇಜು ಖಾಲಿ.
ಖುಟವಡ ಕೈ ತೋರಿಸಲು ಬರುವುದಿಲ್ಲ,
ಕಂಡರೆ ಬಸ್ಸಿನ ಕಿಟಕಿಯಿಂದ ತಲೆ ಆಡಿಸುತ್ತಾನೆ.

ಆ ಹಾಳೆ ಇನ್ನೂ ನನ್ನ ಊಟದ ಚೀಲದಲ್ಲಿದೆ.
ಎಣ್ಣೆ ಕುಡಿದು ಗಾಜಿನಂತಾಗಿದೆ.
ಇವತ್ತು ಬೆಳಗ್ಗೆ ಬಿಸಿಲಿಗೆ ಹಿಡಿದರೆ
ಹಿಂದಿನ ಏಕಾದಶಿ, ಅಮಾವಾಸ್ಯೆಗಳ ಸಂದಿಯಿಂದ
ನನ್ನದೇ ಕೈ ಕಂಡಿತು,
ಎರಡು ಬಣ್ಣದ್ದು.
ಬಟ್ಟೆ ಒಣಗಿದ್ದವು. ತೆಗೆದು ಒಳಗೆ ಹಾಕಿದೆ.
ಲೋಕಲ್ ಹೋದ ಮೇಲೂ ಅಲ್ಲೇ ಕೂತಿದ್ದೆ.